ಬಟ್ಟೆ ಒಣಹಾಕುವ ಹಕ್ಕು

೧

ಅರಸುಗಳ ಕಾಳಗ, ಪಟ್ಟಣಗಳ ಸ್ಥಾಪನೆ, ಶಾಸನಸಭೆಗಳ ವಾಗ್ವಾದ ಮೊದಲಾದುವು ಚರಿತ್ರೆಯ ಗ್ರಂಥಗಳಲ್ಲಿ ಸ್ಥಾನವನ್ನು ಪಡೆದಿರುವ ವಿಷಯಗಳು. ಹಿತ್ತಿಲಿನಲ್ಲಿ ಎರಡು ಕಂಬಗಳ ನಡುವೆ ಕಟ್ಟಿದ ಹಗ್ಗಕ್ಕೆ ಅಂತಹ ಗೌರವವು ದೊರೆತಿಲ್ಲ. ಒಗೆದ ಬಟ್ಟೆಯನ್ನು ಬಿಸಿಲಿಗೆ ಹರವುವುದು ಎಲ್ಲ ಮನೆಗಳಲ್ಲಿಯೂ ನಡೆಯುವ ಕೆಲಸ. ಅದಕ್ಕೊಂದು ಚರಿತ್ರೆಯಿರಬಹುದೆಂದು ಯಾರಿಗೂ ತೋರುವುದಿಲ್ಲ. ಆದರೆ ಈ ಹಗ್ಗಕ್ಕಾಗಿ ಮರಣದಂಡನೆಯ ಶಾಸನಗಳು ಆಗಿವೆ. ಪರದೇಶದಲ್ಲಿ ದುಡಿಯುವ ಬಡವರು ಸೆರೆಮನೆಗೆ ಹೋಗಿದ್ದಾರೆ. ಒಂದು ಮಹಾರಾಷ್ಟ್ರದ, ಎಂದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ, ಅತ್ಯುಚ್ಚ ನ್ಯಾಯಾಲಯವು ತೀರ್ಪನ್ನು ಕೊಟ್ಟಿದೆ. ಇಪ್ಪತ್ತೊಂದನೆಯ ಶತಮಾನದಲ್ಲಿಯೂ, ಮನುಷ್ಯನು ತನ್ನ ಮನೆಯ ಅಂಗಳದಲ್ಲಿ ತನ್ನ ಬಟ್ಟೆಯನ್ನು ಒಣಹಾಕಬಹುದೆಂಬುದನ್ನು ಶಾಸನಮುಖವಾಗಿ ಸ್ಥಾಪಿಸಬೇಕಾಗಿ ಬಂದಿತು. ಬಿಸಿಲೂ ಗಾಳಿಯೂ ಯಾರ ಸೊತ್ತು ಎಂಬ ಪ್ರಶ್ನೆಯು ಈ ಸಣ್ಣ ವಿಷಯದಲ್ಲಿ ಅಡಗಿದೆ.

ಕನ್ನಡ ನಾಡಿನವರಿಗೆ ಒಗೆದ ಬಟ್ಟೆಯ ಮಹತ್ವವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಒಗೆದು ಶುಭ್ರವಾದ ವಸ್ತ್ರಕ್ಕೆ ನಮ್ಮ ಭಾಷೆಯಲ್ಲಿ ‘ಮಡಿ’ ಎಂದು ಹೆಸರು. ಆ ಮಾತೇ ಮುಂದೆ ಆಚಾರಶುದ್ಧಿಗೂ ಹೆಸರಾಯಿತು. ಮಡಿಯನ್ನು ಮಾಡಿಕೊಡುವವನು ಮಡಿವಾಳ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸಮಕಾಲೀನನಾಗಿದ್ದ ಮಡಿವಾಳ ಮಾಚಯ್ಯನು ಶರಣರ ಬಟ್ಟೆಗಳನ್ನು ಒಗೆಯುವುದನ್ನೇ ಕಾಯಕವಾಗಿ ಕೈಗೊಂಡು, ಕಲಿದೇವನ ಅಂಕಿತದಲ್ಲಿ ವಚನಗಳನ್ನು ರಚಿಸಿದನು. ಅಗಸರು ಬಟ್ಟೆಗಳನ್ನು ಚೌಳಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ, ಹಳ್ಳದ ಬಂಡೆಯ ಮೇಲೆ ಒಗೆದು, ದಂಡೆಯ ಹುಲ್ಲಿನ ಮೇಲೆ ಹರವುತ್ತಿದ್ದರು. ಮನೆಗಳಲ್ಲಿಯೋ ಮಡಿಬಟ್ಟೆಯನ್ನು ಯಾರ ಕೈಯೂ ತಾಕದಂತೆ ಸೂರಿನ ಕೆಳಗೆ ತೂಗಹಾಕಿದ ಬಿದಿರಿನ ಗಳುವಿನ ಮೇಲೆ ಕೋಲಿನಿಂದ ಎತ್ತಿ ಹಾಕುವುದು ಪದ್ಧತಿಯಾಗಿತ್ತು. ಬಟ್ಟೆ ಒಣಗುವ ಸ್ಥಳವು ಹೀಗೆ ಶುಚಿತ್ವದ ಸ್ಥಳವಾಗಿತ್ತು. ಅದೇ ಸಮಯದಲ್ಲಿ ಮೇಲುಕೀಳುಗಳ ಗೆರೆಯನ್ನು ಎಳೆಯುವ ಸ್ಥಳವೂ ಆಗಿತ್ತು. ಬಟ್ಟೆಯನ್ನು ಮಡಿ ಮಾಡಿದವನೇ ಆ ಮಡಿಯನ್ನು ಮುಟ್ಟಬಾರದೆಂಬ ವಿಪರೀತವು ಈ ಕಾಯಕದಲ್ಲಿ ಬಹುಕಾಲ ಉಳಿಯಿತು.

೨

ಬಿಸಿಲು ಬಟ್ಟೆಯನ್ನು ಒಣಗಿಸುವುದು ಮಾತ್ರವಲ್ಲ, ಬಿಳುಪು ಮಾಡುವುದೂ ಉಂಟು. ಸೂರ್ಯಪ್ರಕಾಶದಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಒದ್ದೆಯಾದ ಬಟ್ಟೆಯ ಮೇಲೆ ಇವು ಬಿದ್ದಾಗ, ನೀರಿನ ಮತ್ತು ಗಾಳಿಯಲ್ಲಿರುವ ಆಮ್ಲಜನಕದ ಸಹಾಯದಿಂದ, ನೂಲಿನಲ್ಲಿ ಅಂಟಿಕೊಂಡಿರುವ ಬಣ್ಣದ ಪದಾರ್ಥಗಳು ಒಡೆದು ಬಣ್ಣಗೆಡುತ್ತವೆ. ಬಿಸಿಲಿನಲ್ಲಿ ಒಣಗಿದ ಬಟ್ಟೆಗೆ ಒಂದು ಹಿತವಾದ ವಾಸನೆಯಿರುವುದು ಎಲ್ಲ ಗೃಹಿಣಿಯರಿಗೂ ತಿಳಿದ ವಿಷಯವಷ್ಟೆ. ಇದರ ಕಾರಣವನ್ನು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದರು. ಅವರು ಶುದ್ಧ ಜಲದಲ್ಲಿ ತೊಳೆದ ಹತ್ತಿಯ ಚೌಕಗಳನ್ನು ಕೆಲವನ್ನು ಒಳಗೆ ಕತ್ತಲೆಯಲ್ಲಿಯೂ, ಕೆಲವನ್ನು ನೆರಳಿನಲ್ಲಿಯೂ, ಕೆಲವನ್ನು ಬಿಸಿಲಿನಲ್ಲಿಯೂ ಒಣಗಿಸಿದರು. ಬಿಸಿಲಿನಲ್ಲಿ ಒಣಗಿದುವುಗಳಿಂದ ಆಲ್ಡಿಹೈಡ್, ಕೀಟೋನ್ ಎಂಬ ವರ್ಗಗಳಿಗೆ ಸೇರಿದ ಸುಗಂಧ ದ್ರವ್ಯಗಳು ಹೊರಬರುತ್ತಿದ್ದುವು. ಅವುಗಳಲ್ಲಿ ಹಲವು ಗಿಡಗಳಲ್ಲಿಯೂ ಸುಗಂಧ ತೈಲಗಳಲ್ಲಿಯೂ ಇರತಕ್ಕವು. ಅಜ್ಜಿಯರು ಮೂಸಿ ತಿಳಿದಿದ್ದುದನ್ನು ವಿಜ್ಞಾನವು ಅಳೆದು ತಿಳಿಯಿತು.

ಬಿಸಿಲಿನ ಈ ಗುಣವನ್ನು ದೊಡ್ಡ ಉದ್ಯೋಗವಾಗಿ ಬೆಳೆಯಿಸಿದವರು ಹಾಲೆಂಡಿನವರು. ಹದಿನೇಳನೆಯ ಶತಮಾನದಲ್ಲಿ ಅಲ್ಲಿಯ ಹಾರ್ಲೆಮ್ ಪಟ್ಟಣವು ಅಗಸೆಯ ನಾರಿನ ಬಟ್ಟೆಗಳನ್ನು ಬಿಳುಪು ಮಾಡುವುದರಲ್ಲಿ ಯೂರೋಪಿನಲ್ಲೆಲ್ಲ ಪ್ರಸಿದ್ಧವಾಗಿತ್ತು. ಬೇರೆ ದೇಶಗಳಲ್ಲಿ ನೇಯ್ದ ಥಾನುಗಳೂ ಇಲ್ಲಿಗೆ ಬಂದು, ಬಿಳುಪಾಗಿ ಹಿಂದಿರುಗುತ್ತಿದ್ದುವು. ಇಂಗ್ಲಿಷರು ಒಂದು ಬಗೆಯ ನಾರುಬಟ್ಟೆಯನ್ನು ‘ಹಾಲೆಂಡ್’ ಎಂದೇ ಕರೆದರು. ಬಟ್ಟೆಯನ್ನು ಬೂದಿಯ ಕ್ಷಾರಜಲದಲ್ಲಿ ನೆನೆಯಿಸಿ, ಪಟ್ಟಣದ ಹೊರಗಿನ ಹುಲ್ಲುಗಾವಲುಗಳಲ್ಲಿ ಹರವಿ, ಆಗಾಗ ನೀರು ಚಿಮುಕಿಸುತ್ತ ದಿನಗಟ್ಟಲೆ ಬಿಡುತ್ತಿದ್ದರು. ಹೀಗೆ ಹಲವು ಸಲ ಮಾಡಿದ ಮೇಲೆ ಕ್ಷಾರವನ್ನು ಕಳೆಯಲು ಹುಳಿಮಜ್ಜಿಗೆಯಲ್ಲಿ ಅದ್ದಿಡುತ್ತಿದ್ದರು. ಹಾಲಿನ ಹಸುಗಳೂ ಬಟ್ಟೆಯ ಹೊಲಗಳೂ ಒಂದೇ ಸೀಮೆಯಲ್ಲಿದ್ದುದು ಇದಕ್ಕೆ ಅನುಕೂಲವಾಯಿತು. ಈ ಕ್ರಮವು ಮುಗಿಯಲು ತಿಂಗಳುಗಳೇ ಬೇಕಾಗುತ್ತಿದ್ದುವು. ಯಾಕೋಬ್ ಫಾನ್ ರೌಸ್ಡಾಲ್ ಎಂಬ ಚಿತ್ರಕಾರನು ೧೬೭೦ರಿಂದೀಚೆಗೆ ಬರೆದ ಹಾರ್ಲೆಮ್ ದೃಶ್ಯಗಳಲ್ಲಿ ವಿಶಾಲವಾದ ಆಕಾಶದ ಕೆಳಗೆ ಉದ್ದುದ್ದವಾಗಿ ಹರವಿದ ಬಿಳಿಯ ಪಟ್ಟಿಗಳು ಕಾಣುತ್ತವೆ; ಮೋಡಗಳ ಸಂದಿನಿಂದ ಬಿದ್ದ ಬಿಸಿಲು ಆ ಬಟ್ಟೆಗಳ ಮೇಲೆ ಬಿದ್ದಿದೆ. ಅವುಗಳಲ್ಲಿ ಒಂದು ಚಿತ್ರವು ಹೇಗ್ ನಗರದ ಮೌರಿಟ್ಸ್‌ಹೌಸ್ ಚಿತ್ರಶಾಲೆಯಲ್ಲಿದೆ.

ಈ ನಿಧಾನವು ವರ್ತಕರಿಗೆ ಒಗ್ಗಲಿಲ್ಲ. ೧೭೫೬ರಲ್ಲಿ ಎಡಿನ್‌ಬರೋ ನಗರದ ವೈದ್ಯನಾದ ಫ್ರಾನ್ಸಿಸ್ ಹೋಮ್ ಎಂಬಾತನು, ಹುಳಿಮಜ್ಜಿಗೆಗೆ ಬದಲಾಗಿ ನೀರು ಬೆರೆಸಿದ ಗಂಧಕಾಮ್ಲವನ್ನು ಉಪಯೋಗಿಸಿದರೆ ಬಹಳ ಕಾಲವು ಉಳಿಯುವುದೆಂದು ತೋರಿಸಿದನು. ೧೭೭೪ರಲ್ಲಿ ಷೀಲೆಯು ಕಂಡುಹಿಡಿದ ಕ್ಲೋರಿನ್ ಅನಿಲಕ್ಕೆ ಬಣ್ಣವನ್ನು ಕಳೆಯುವ ಶಕ್ತಿಯುಂಟೆಂಬುದನ್ನು ಫ್ರಾನ್ಸಿನ ಬರ್ತೊಲೇ ೧೭೮೫ರಲ್ಲಿ ಬಟ್ಟೆಯ ಉದ್ಯೋಗಕ್ಕೆ ಅನ್ವಯಿಸಿದನು. ೧೭೯೯ರಲ್ಲಿ ಗ್ಲಾಸ್‌ಗೋದ ಚಾರ್ಲ್ಸ್ ಟೆನೆಂಟ್ ಈ ಅನಿಲವನ್ನು ಸುಣ್ಣದಲ್ಲಿ ಹೀರಿಸಿ, ಚೆಲುವೆಪುಡಿಯೆಂದು ನಾವು ಕರೆಯುವ ಒಣಪುಡಿಯನ್ನು ಮಾಡುವ ಹಕ್ಕುಪತ್ರವನ್ನು ಪಡೆದನು. ತಿಂಗಳುಗಳ ಕೆಲಸವು ದಿನಗಳಿಗೆ ಇಳಿಯಿತು. ಹುಲ್ಲುಗಾವಲುಗಳು ಕ್ರಮೇಣ ಬರಿದಾದುವು.

೩

ಬಟ್ಟೆಯು ತಿಂಗಳುಗಟ್ಟಲೆ ಬಯಲಿನಲ್ಲಿ ಬಿದ್ದಿರುತ್ತಿದ್ದ ಕಾಲದಲ್ಲಿ ಕಳ್ಳರ ಭಯವು ಇಲ್ಲದಿರಲಿಲ್ಲ. ಐರ್ಲೆಂಡಿನ ಅಲ್ಸ್ಟರ್ ಸೀಮೆಯಲ್ಲಿ ಹೊಲಗಳ ನಡುವೆ ಕಲ್ಲಿನ ಸಣ್ಣ ಕಾವಲುಮನೆಗಳನ್ನು ಕಟ್ಟಿ, ರಾತ್ರಿಯೆಲ್ಲ ಕಾವಲಿಡುತ್ತಿದ್ದರು. ಅಷ್ಟರಿಂದ ತೃಪ್ತರಾಗದೆ, ಬಟ್ಟೆಯ ಒಡೆಯರು ಪಾರ್ಲಿಮೆಂಟಿನ ಮೊರೆಹೊಕ್ಕರು. ೧೭೪೫ರ ಒಂದು ಶಾಸನದ ಪ್ರಕಾರ, ಬಿಳುಪು ಮಾಡುವ ಬಯಲಿನಿಂದ ೧೦ ಷಿಲಿಂಗು ಬೆಲೆಯ ಬಟ್ಟೆಯನ್ನು ಕದ್ದವನಿಗೆ ಮರಣದಂಡನೆ. ಹಸಿದವನೊಬ್ಬನು ಹುಲ್ಲಿನ ಮೇಲಿಂದ ಒಂದು ಥಾನನ್ನು ಸುತ್ತಿಕೊಂಡು ಓಡಿದರೆ, ಆ ಥಾನಿನ ಬೆಲೆಯೂ ಅವನ ಪ್ರಾಣದ ಬೆಲೆಯೂ ಸಮವೆಂದು ಶಾಸನವು ನಿರ್ಣಯಿಸಿತು.

ಕ್ರೌರ್ಯವು ತನ್ನ ಉದ್ದೇಶವನ್ನೇ ಕೆಡಿಸಿಕೊಂಡಿತು. ಒಂದು ತುಂಡು ಬಟ್ಟೆಗಾಗಿ ಮನುಷ್ಯನನ್ನು ನೇಣಿಗೆ ಕಳುಹಿಸಲು ಪಂಚಾಯತರಿಗೆ, ಎಂದರೆ ಜೂರಿಗಳಿಗೆ, ಮನಸ್ಸು ಬರಲಿಲ್ಲ. ಅವರು ಆರೋಪಿಗಳನ್ನು ಬಿಟ್ಟುಬಿಡತೊಡಗಿದರು. ಕಳ್ಳತನವನ್ನು ಕಂಡವರು ದೂರು ಕೊಡಲು ಹಿಂಜರಿದರು. ಕಡೆಗೆ ಬಟ್ಟೆಯ ಒಡೆಯರೇ, ಮರಣದಂಡನೆಯನ್ನು ತೆಗೆದುಹಾಕಿ ತಮ್ಮನ್ನು ರಕ್ಷಿಸಬೇಕೆಂದು ಪಾರ್ಲಿಮೆಂಟಿಗೆ ಬಿನ್ನವಿಸಿಕೊಂಡರು. ಸರ್ ಸಾಮ್ಯುಯೆಲ್ ರೊಮಿಲ್ಲಿ ಎಂಬ ನ್ಯಾಯಶಾಸ್ತ್ರಜ್ಞನು ಆ ಕಾಲದಲ್ಲಿ ಇಂಗ್ಲೆಂಡಿನ ದಂಡನೀತಿಯನ್ನು ಮೃದುಗೊಳಿಸಲು ಹೋರಾಡುತ್ತಿದ್ದನು. ಅಂಗಡಿಯ ಕಳವಿನ ವಿಷಯದಲ್ಲಿ ಅವನು ತಂದ ಮಸೂದೆಯನ್ನು ಪ್ರಭುಗಳ ಸಭೆಯು ತಳ್ಳಿಹಾಕಿತು. ಆದರೆ ಬಿಳುಪು ಮಾಡುವ ಬಯಲಿನ ವಿಷಯವಾದ ಮಸೂದೆಗಳು ೧೮೧೧ರಲ್ಲಿ ಇಂಗ್ಲೆಂಡಿಗೂ ಐರ್ಲೆಂಡಿಗೂ ಅಂಗೀಕೃತವಾದುವು. ಒಡೆಯರೇ ಕೇಳಿಕೊಂಡಿದ್ದುದರಿಂದ ಪ್ರಭುಗಳಿಗೆ ಆಕ್ಷೇಪಿಸಲು ಅವಕಾಶವಿರಲಿಲ್ಲ. ಇಂಗ್ಲೆಂಡಿನ ದಂಡನೀತಿಯು ಸುಧಾರಿಸಿದ ಚರಿತ್ರೆಯಲ್ಲಿ, ಒಣಹಾಕಿದ ಬಟ್ಟೆಯು ಹೀಗೆ ಮೊದಲ ಹೆಜ್ಜೆಗಳಲ್ಲೊಂದಕ್ಕೆ ಕಾರಣವಾಯಿತು.

೪

ಒಡೆಯರ ಬಯಲಿನ ಕಥೆ ಇದು. ಬಡವರಿಗೆ ಬಯಲೇ ಇರಲಿಲ್ಲವಾದುದರಿಂದ ಅವರ ಕಥೆಯೇ ಬೇರೆ. ಸ್ಕಾಟ್ಲೆಂಡಿನ ಗ್ಲಾಸ್‌ಗೋ ಪಟ್ಟಣದಲ್ಲಿ ಮಾತ್ರ ಕ್ಲೈಡ್ ನದಿಯ ದಂಡೆಯ ‘ಗ್ಲಾಸ್‌ಗೋ ಗ್ರೀನ್’ ಎಂಬ ಸಾರ್ವಜನಿಕ ಹುಲ್ಲುಗಾವಲಿನಲ್ಲಿ ಊರಿನ ಹೆಂಗಸರು ಒಗೆದು ಒಣಹಾಕುವ ವಾಡಿಕೆಯು ಹಿಂದಿನಿಂದಲೂ ನಡೆದುಬಂದಿತ್ತು. ಅಲ್ಲಿ ಒಂದು ಒಗೆಯುವ ಮನೆಯೂ ಇತ್ತು. ೧೭೬೫ರ ಒಂದು ಭಾನುವಾರ ಜೇಮ್ಸ್ ವಾಟ್ ಆ ಹಳೆಯ ಒಗೆಯುವ ಮನೆಯನ್ನು ದಾಟಿ ನಡೆಯುತ್ತಿದ್ದಾಗ, ಆವಿಯನ್ನು ಬೇರೆ ಪಾತ್ರೆಯಲ್ಲಿ ತಣಿಸಿದರೆ ಯಂತ್ರದ ಶಕ್ತಿಯು ವ್ಯರ್ಥವಾಗುವುದಿಲ್ಲವೆಂಬ ಆಲೋಚನೆಯು ಹೊಳೆಯಿತೆಂದು ಅವನೇ ಮುಂದೆ ಹೇಳಿದ್ದಾನೆ. ಆ ಆಲೋಚನೆಯಿಂದ ಹುಟ್ಟಿದ ಆವಿಯ ಯಂತ್ರಗಳು ಕಾರ್ಖಾನೆಗಳನ್ನು ನಡೆಯಿಸಿದುವು. ಕಾರ್ಖಾನೆಗಳು ಜನರನ್ನು ಪಟ್ಟಣದ ಇಕ್ಕಟ್ಟಾದ ಕೇರಿಗಳಿಗೆ ಎಳೆದುವು. ಆ ಕೇರಿಗಳಲ್ಲಿ ಬಟ್ಟೆ ಹರವಲು ಅಂಗಳವಾಗಲಿ, ಹರವಿದ ಬಟ್ಟೆಯು ಮಸಿಯಾಗದಂತಹ ಗಾಳಿಯಾಗಲಿ ಇರಲಿಲ್ಲ.

ಇದರ ಪರಿಣಾಮವು ಲಿವರ್‌ಪೂಲ್ ನಗರದಲ್ಲಿ ಸ್ಪಷ್ಟವಾಗಿ ಕಂಡಿತು. ೧೮೩೨ರಲ್ಲಿ ಅಲ್ಲಿ ವಾಂತಿಭೇದಿಯ ಜಾಡ್ಯವು ಹಬ್ಬಿತು. ಒಂದೇ ಕೊಠಡಿಯಲ್ಲಿ ಸಂಸಾರಗಳು ವಾಸಿಸುತ್ತಿದ್ದಾಗ, ರೋಗಿಯ ಹೊದಿಕೆಗಳನ್ನು ಒಗೆಯುವುದೆಲ್ಲಿ, ಒಣಗಿಸುವುದೆಲ್ಲಿ? ಐರ್ಲೆಂಡಿನಲ್ಲಿ ಹುಟ್ಟಿ ಲಿವರ್‌ಪೂಲಿಗೆ ಬಂದು ಕೂಲಿಯಿಂದ ಜೀವಿಸುತ್ತಿದ್ದ ಕಿಟ್ಟಿ ವಿಲ್ಕಿನ್‌ಸನ್ ಎಂಬ ಹೆಂಗಸಿನ ಮನೆಯಲ್ಲಿ ನೀರು ಕಾಯಿಸುವ ಒಂದು ಹಂಡೆಯಿತ್ತು. ಆಕೆಯು ನೆರೆಹೊರೆಯವರೆಲ್ಲರಿಗೂ ಅದನ್ನು ಬಿಟ್ಟುಕೊಟ್ಟಳು. ವಾರಕ್ಕೆ ಒಂದು ಪೆನ್ನಿಯನ್ನು ಪಡೆದು, ರೋಗಿಗಳ ಬಟ್ಟೆಗಳನ್ನು ಚೆಲುವೆಪುಡಿಯ ನೀರಿನಲ್ಲಿ ತೊಳೆಯಲು ಏರ್ಪಡಿಸಿದಳು. ಹುಲ್ಲುಗಾವಲುಗಳನ್ನು ಬರಿದುಮಾಡಿದ ಪುಡಿಯೇ ಇಲ್ಲಿ ಪ್ರಾಣರಕ್ಷಣೆಗೆ ಒದಗಿತು. ಆಕೆಯ ಕೆಲಸವನ್ನು ನೋಡಿ ನಗರದವರು ೧೮೪೨ರಲ್ಲಿ ಫ್ರೆಡರಿಕ್ ಬೀದಿಯಲ್ಲಿ ಸಾರ್ವಜನಿಕ ಸ್ನಾನಗೃಹವನ್ನೂ ಒಗೆಯುವ ಗೃಹವನ್ನೂ ತೆರೆದರು. ಮುಂದೆ ಆಕೆಯೂ ಆಕೆಯ ಗಂಡನೂ ಅದರ ಮೇಲ್ವಿಚಾರಕರಾದರು. ೧೮೪೬ರಲ್ಲಿ ಪಾರ್ಲಿಮೆಂಟು ಇಂತಹ ಗೃಹಗಳನ್ನು ಕಟ್ಟಿಸಲು ಎಲ್ಲ ಪಟ್ಟಣಗಳಿಗೂ ಅಧಿಕಾರವನ್ನು ಕೊಟ್ಟಿತು. ಬಿಸಿಗಾಳಿಯನ್ನು ಹಾಯಿಸಿ ಬಟ್ಟೆ ಒಣಗಿಸುವ ಬೀರುಗಳು ಈ ಗೃಹಗಳಲ್ಲಿ ಬಳಕೆಗೆ ಬಂದುವು. ಯಂತ್ರದಿಂದ ಬಟ್ಟೆ ಒಣಗಿಸುವ ಪದ್ಧತಿಯು ಶ್ರೀಮಂತರ ವಿಲಾಸವಾಗಿ ಅಲ್ಲ, ಬಿಸಿಲಿಲ್ಲದ ಬಡವರ ಆವಶ್ಯಕತೆಯಾಗಿ ಮೊದಲು ಬೆಳೆಯಿತೆಂಬುದನ್ನು ಮರೆಯಬಾರದು.

೫

ಅಟ್ಲಾಂಟಿಕ್ ಸಾಗರದ ಆಚೆಗೆ ಇದೇ ವಿಷಯವು ಜನಾಂಗದ್ವೇಷದೊಡನೆ ಸೇರಿಕೊಂಡಿತು. ಕ್ಯಾಲಿಫೋರ್ನಿಯಾದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಒಗೆತದ ಕೆಲಸವು ಬಹುಮಟ್ಟಿಗೆ ಚೀಣೀಯರ ಕೈಯಲ್ಲಿತ್ತು. ಚಿನ್ನದ ಗಣಿಗಳಿಂದಲೂ ಇತರ ಉದ್ಯೋಗಗಳಿಂದಲೂ ಹೊರದೂಡಲ್ಪಟ್ಟ ಅವರಿಗೆ, ಬೇರೆಯವರು ಬಯಸದಿದ್ದ ಈ ಕೆಲಸವೊಂದು ಉಳಿದಿತ್ತು. ೧೮೮೦ರ ಸುಮಾರಿನಲ್ಲಿ ನಗರದಲ್ಲಿದ್ದ ೩೨೦ ಒಗೆತದ ಅಂಗಡಿಗಳ ಪೈಕಿ ೨೪೦ರಷ್ಟು ಚೀಣೀಯರವು. ಆ ವರ್ಷ ನಗರಸಭೆಯು ಒಂದು ನಿಯಮವನ್ನು ಮಾಡಿತು: ಇಟ್ಟಿಗೆಯ ಅಥವಾ ಕಲ್ಲಿನ ಕಟ್ಟಡದಲ್ಲಿ ಹೊರತು, ಸಭೆಯ ಅನುಮತಿಯಿಲ್ಲದೆ ಒಗೆತದ ಅಂಗಡಿಯನ್ನು ನಡೆಯಿಸಕೂಡದು, ಮಾಳಿಗೆಗಳ ಮೇಲೆ ಅನುಮತಿಯಿಲ್ಲದೆ ಅಟ್ಟಣೆಗಳನ್ನು ಕಟ್ಟಕೂಡದು. ಬೆಂಕಿಯ ಭಯವೇ ಇದಕ್ಕೆ ಹೇಳಿದ ಕಾರಣ. ಆದರೆ ೩೨೦ರಲ್ಲಿ ೩೧೦ ಅಂಗಡಿಗಳು ಮರದ ಕಟ್ಟಡಗಳಲ್ಲಿಯೇ ಇದ್ದುವು. ಊರಿನ ಮನೆಗಳೂ ಬಹುಪಾಲು ಮರದವೇ. ಅಂಗಳವಿಲ್ಲದ ಚೀಣೀಯರು ಬಟ್ಟೆ ಒಣಹಾಕುತ್ತಿದ್ದುದು ಮಾಳಿಗೆಯ ಮೇಲಿನ ಅಟ್ಟಣೆಗಳ ಮೇಲೆ.

ನಿಯಮದ ಅಕ್ಷರಗಳಲ್ಲಿ ಚೀಣೀಯರ ಹೆಸರಿರಲಿಲ್ಲ. ಅದನ್ನು ನಡೆಯಿಸಿದ ರೀತಿಯಲ್ಲಿ ಅದರ ಅರ್ಥವು ಬಯಲಾಯಿತು. ಅನುಮತಿಗಾಗಿ ಅರ್ಜಿ ಹಾಕಿದ ಸುಮಾರು ೨೦೦ ಮಂದಿ ಚೀಣೀಯರಲ್ಲಿ ಒಬ್ಬನಿಗೂ ಅದು ದೊರೆಯಲಿಲ್ಲ. ಚೀಣೀಯರಲ್ಲದ ೮೦ಕ್ಕೆ ಮೇಲ್ಪಟ್ಟವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ದೊರೆಯಿತು. ‘ಯಿಕ್ ವೋ’ ಎಂಬ ಅಂಗಡಿಯ ಒಡೆಯನು ೨೨ ವರ್ಷಗಳಿಂದ ಅದೇ ಕಟ್ಟಡದಲ್ಲಿ ಒಗೆತವನ್ನು ನಡೆಯಿಸುತ್ತಿದ್ದನು. ಅಗ್ನಿಶಾಮಕರೂ ಆರೋಗ್ಯಾಧಿಕಾರಿಗಳೂ ಅವನ ಅಂಗಡಿಯು ನಿರಪಾಯವೆಂದು ಬರೆದುಕೊಟ್ಟಿದ್ದರು. ಅವನು ೧೦ ಡಾಲರುಗಳ ದಂಡವನ್ನು ತೆರಲೊಪ್ಪದೆ ಸೆರೆಗೆ ಹೋದನು. ಅವನ ಸಂಗಡ ನೂರೈವತ್ತಕ್ಕೆ ಮೇಲ್ಪಟ್ಟು ಚೀಣೀಯರು ಬಂಧಿತರಾದರು. ಚೀಣೀಯರ ವಲಸೆಯನ್ನು ತಡೆಯುವ ಶಾಸನವು ೧೮೮೨ರಲ್ಲಿ ಆಗಿ, ದೇಶದಲ್ಲೆಲ್ಲ ಅವರ ಮೇಲೆ ದ್ವೇಷವು ಹೊತ್ತಿ ಉರಿಯುತ್ತಿದ್ದ ಕಾಲವದು. ಆದರೂ ೧೮೮೬ರ ಮೇ ತಿಂಗಳ ೧೦ನೆಯ ತಾರೀಖು ಅತ್ಯುಚ್ಚ ನ್ಯಾಯಾಲಯದ ನ್ಯಾಯಾಧಿಪತಿಗಳು ಏಕಾಭಿಪ್ರಾಯದಿಂದ ಅವನ ಪರವಾಗಿ ತೀರ್ಪನ್ನಿತ್ತರು. ನಿಯಮವು ನೋಡಲು ನಿಷ್ಪಕ್ಷಪಾತವಾಗಿದ್ದರೂ ಅದನ್ನು ಪಕ್ಷಪಾತದಿಂದ ನಡೆಯಿಸಿದರೆ ಅದು ಅನ್ಯಾಯವೇ ಎಂದೂ, ಸಂವಿಧಾನದ ೧೪ನೆಯ ತಿದ್ದುಪಡಿಯು ಕೊಟ್ಟಿರುವ ಸಮಾನರಕ್ಷಣೆಯು ದೇಶದ ಪ್ರಜೆಗಳಿಗೆ ಮಾತ್ರವಲ್ಲದೆ ದೇಶದಲ್ಲಿರುವ ಪ್ರತಿಯೊಬ್ಬ ಮನುಷ್ಯನಿಗೂ ಸಲ್ಲುವುದೆಂದೂ ನಿರ್ಣಯವಾಯಿತು. ಅಗಸನೊಬ್ಬನ ಈ ವ್ಯಾಜ್ಯವು ಇಂದಿಗೂ ಅಮೆರಿಕಾದ ನ್ಯಾಯಶಾಸ್ತ್ರದ ಮೂಲಾಧಾರಗಳಲ್ಲೊಂದಾಗಿದೆ.

೬

ಅಮೆರಿಕಾದ ಮನೆಗಳಲ್ಲಿ ಹಗ್ಗವು ಬಹುಕಾಲ ನಿರಾತಂಕವಾಗಿ ಉಳಿಯಿತು. ೧೮೫೩ರಲ್ಲಿ ವರ್ಮಾಂಟ್ ಸಂಸ್ಥಾನದ ಡೇವಿಡ್ ಸ್ಮಿತ್ ಎಂಬಾತನು ಬಟ್ಟೆಯನ್ನು ಹಗ್ಗಕ್ಕೆ ಕಚ್ಚಿಸುವ ಸ್ಪ್ರಿಂಗಿನ ಚಿಮಟಕ್ಕೆ ಹಕ್ಕುಪತ್ರವನ್ನು ಪಡೆದನು. ನಮ್ಮ ದೇಶದ ಅಗಸರಿಗೆ ಅದರ ಅಗತ್ಯವಿರಲಿಲ್ಲ: ಮುಂಬಯಿಯ ಮಹಾಲಕ್ಷ್ಮೀ ಘಾಟಿನಲ್ಲಿಯೂ ಕೊಚ್ಚಿಯ ಒಗೆತದ ಬಯಲಿನಲ್ಲಿಯೂ ಹಗ್ಗಗಳನ್ನು ಹುರಿಗೊಳಿಸಿ ಕಟ್ಟಿ, ಹುರಿಯ ಸಂದಿಗೆ ಬಟ್ಟೆಯ ಅಂಚನ್ನು ಸಿಕ್ಕಿಸುತ್ತಾರೆ, ಎಷ್ಟು ಗಾಳಿ ಬೀಸಿದರೂ ಬಟ್ಟೆಯು ಹಾರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಗಿಲ್ಬರ್ಟ್ ಟಾಯ್ನ್ ಎಂಬುವನು ಇಪ್ಪತ್ತನೆಯ ಶತಮಾನದ ಮೊದಲಿನಲ್ಲಿಯೂ, ಅಡಿಲೇಡಿನ ಲ್ಯಾನ್ಸ್ ಹಿಲ್ ಎಂಬುವನು ೧೯೪೫ರಿಂದೀಚೆಗೂ, ಒಂದೇ ಕಂಬದ ಸುತ್ತ ಗಾಳಿಗೆ ತಿರುಗುವ ತಂತಿಗಳ ಚೌಕಟ್ಟನ್ನು ಮಾಡಿದರು. ಅದು ಆ ದೇಶದ ಹಿತ್ತಿಲುಗಳ ಗುರುತೇ ಆಗಿಬಿಟ್ಟಿತು.

ಹಗ್ಗಕ್ಕೆ ಎದುರಾಗಿ ಬಂದ ಯಂತ್ರವೂ ಒಂದೇ ದಿನದಲ್ಲಿ ಹುಟ್ಟಿದುದಲ್ಲ. ತೂತುಗಳಿರುವ ಲೋಹದ ಪೀಪಾಯಿಯಲ್ಲಿ ಬಟ್ಟೆಯನ್ನು ತುಂಬಿ, ಬೆಂಕಿಯ ಮೇಲೆ ಕೈಯಿಂದ ತಿರುಗಿಸುವ ಉಪಕರಣವು ೧೮೦೦ರ ಸುಮಾರಿನಲ್ಲಿಯೇ ಫ್ರಾನ್ಸಿನಲ್ಲಿತ್ತು. ಅದರಲ್ಲಿ ಬಟ್ಟೆಗೆ ಹೊಗೆಯ ವಾಸನೆ ಹತ್ತುವುದು ಸಹಜ. ೧೮೯೨ರಲ್ಲಿ ಓಹಯೋ ಸಂಸ್ಥಾನದ ಜಾರ್ಜ್ ಸ್ಯಾಂಪ್‌ಸನ್ ಎಂಬ ನೀಗ್ರೋ ಜನಾಂಗದ ಶೋಧಕನು, ಬಟ್ಟೆಗಳನ್ನು ಒಲೆಯ ಹತ್ತಿರ ಸುಡದಂತೆ ಹರವುವ ಚೌಕಟ್ಟಿಗೆ ಹಕ್ಕುಪತ್ರವನ್ನು ಪಡೆದನು. ಸ್ವಯಂಚಾಲಕ ಯಂತ್ರವನ್ನು ನಿರ್ಮಿಸಿದವನು ಉತ್ತರ ಡಕೋಟಾದ ರಾಸ್ ಮೂರ್. ಅಲ್ಲಿಯ ಚಳಿಗಾಲದಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆಯು ಹಲಗೆಯಂತೆ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯು ನೀರಾಗದೆ ನೇರವಾಗಿ ಆವಿಯಾಗಿ ಬಟ್ಟೆಯು ಒಣಗುವುದಾದರೂ, ಬಟ್ಟೆಯನ್ನು ಹರವುವವಳ ಕೈಗಳು ಮರಗಟ್ಟಿಹೋಗುತ್ತವೆ. ತಾಯಿಯ ಈ ಕಷ್ಟವನ್ನು ನೋಡಿ ಮೂರ್ ಯಂತ್ರದ ಯೋಚನೆಗೆ ತೊಡಗಿದನೆಂದು ಹೇಳುತ್ತಾರೆ. ವರ್ಷಗಳ ಪ್ರಯತ್ನದ ಮೇಲೆ ವಿಸ್ಕಾನ್‌ಸಿನ್ ಸಂಸ್ಥಾನದ ಹ್ಯಾಮಿಲ್ಟನ್ ಕಂಪೆನಿಯು ಅದನ್ನು ಕೈಗೊಂಡು ೧೯೩೮ರಲ್ಲಿ ಮಾರಾಟಕ್ಕೆ ತಂದಿತು. ಬ್ರೂಕ್ಸ್ ಸ್ಟೀವೆನ್ಸ್ ಎಂಬ ವಿನ್ಯಾಸಕಾರನು, ಒಳಗೆ ಬಟ್ಟೆ ಹೊರಳುವುದು ಕಾಣುವಂತೆ ಬಾಗಿಲಿಗೆ ಗಾಜನ್ನು ಹಾಕಿಸಿದನು. ಯಂತ್ರಕ್ಕೆ ಇಟ್ಟ ಹೆಸರು ‘ಜೂನ್ ಡೇ’, ಎಂದರೆ ಜೂನ್ ತಿಂಗಳಿನ ದಿನ. ಬೇಸಗೆಯ ಒಂದು ಒಳ್ಳೆಯ ಬಿಸಿಲಿನ ದಿನವೇ ಈ ಪೆಟ್ಟಿಗೆಯೊಳಗೆ ಬಂದಿದೆಯೆಂದು ಕೊಳ್ಳುವವರಿಗೆ ತೋರಬೇಕಾಗಿತ್ತು.

೭

ಎರಡನೆಯ ಮಹಾಯುದ್ಧದ ಅನಂತರ ಅಮೆರಿಕಾದಲ್ಲಿ ಹೊಸ ಬಡಾವಣೆಗಳು ಸಾಲುಸಾಲಾಗಿ ಎದ್ದುವು. ವಿದ್ಯುಚ್ಛಕ್ತಿಯ ಬಳಕೆಯನ್ನು ಹೆಚ್ಚಿಸುವುದಕ್ಕಾಗಿ ೧೯೫೬ರಲ್ಲಿ ಜನರಲ್ ಎಲೆಕ್ಟ್ರಿಕ್, ವೆಸ್ಟಿಂಗ್‌ಹೌಸ್ ಮೊದಲಾದ ಕಂಪೆನಿಗಳು ದೊಡ್ಡ ಪ್ರಚಾರವನ್ನು ಆರಂಭಿಸಿದುವು. ಎಲ್ಲ ಕೆಲಸಗಳೂ ವಿದ್ಯುತ್ತಿನಿಂದ ನಡೆಯುವ ಮನೆಯೇ ಆದರ್ಶಗೃಹವೆಂದು ಜನರಿಗೆ ಬೋಧಿಸಿದುವು. ಯಂತ್ರವುಳ್ಳ ಮನೆಗೆ ಮಾನ, ಹಗ್ಗವುಳ್ಳ ಮನೆಗೆ ಬಡತನದ ಗುರುತು—ಎಂಬ ಭಾವನೆಯು ಹಬ್ಬಿತು. ಇದು ಅಭಿರುಚಿಯ ಮಾತಾಗಿಯೇ ಉಳಿಯಲಿಲ್ಲ. ಬಡಾವಣೆಗಳ ಕ್ರಯಪತ್ರಗಳಲ್ಲಿ, ಹೊರಗೆ ಬಟ್ಟೆ ಒಣಹಾಕಕೂಡದೆಂಬ ಷರತ್ತನ್ನು ಬರೆಯತೊಡಗಿದರು. ಹಗ್ಗವು ಕಣ್ಣಿಗೆ ಬಿದ್ದರೆ ನೆರೆಯ ಮನೆಗಳ ಬೆಲೆಯು ಇಳಿಯುವುದೆಂಬುದು ಅದಕ್ಕೆ ಕೊಟ್ಟ ಕಾರಣ. ನಿವಾಸಿಗಳ ಸಂಘವು ಷರತ್ತನ್ನು ಮೀರಿದವರಿಗೆ ಜುಲ್ಮಾನೆಯನ್ನು ವಿಧಿಸುತ್ತಿತ್ತು. ಕೋಟ್ಯಂತರ ಜನರು ಇಂತಹ ಸಂಘಗಳಿರುವ ವಸತಿಗಳಲ್ಲಿ ವಾಸಿಸುತ್ತಾರೆ. ಸ್ವಂತ ಮನೆ, ಸ್ವಂತ ನೆಲ, ಸ್ವಂತ ಬಟ್ಟೆ. ಆದರೆ ಬಿಸಿಲು ಮಾತ್ರ ಸ್ವಂತವಲ್ಲ.

ಇದಕ್ಕೆ ಮೊದಲ ಉತ್ತರವು ಫ್ಲಾರಿಡಾ ಸಂಸ್ಥಾನದಿಂದ ಬಂದಿತು. ೧೯೭೩ರ ಎಣ್ಣೆಯ ಅಭಾವದ ಅನಂತರ ಇಂಧನದ ಉಳಿತಾಯಕ್ಕೆ ಎಲ್ಲರೂ ದಾರಿ ಹುಡುಕುತ್ತಿದ್ದಾಗ, ೧೯೮೦ರಲ್ಲಿ ಅಲ್ಲಿಯ ಶಾಸನಸಭೆಯು ಸೂರ್ಯಶಾಖವನ್ನು ಹಿಡಿಯುವ ಉಪಕರಣಗಳನ್ನು ಯಾರೂ ನಿಷೇಧಿಸಕೂಡದೆಂದು ವಿಧಿಸಿತು. ಆ ಉಪಕರಣಗಳ ಪಟ್ಟಿಯಲ್ಲಿ ಬಟ್ಟೆಯ ಹಗ್ಗದ ಹೆಸರನ್ನೂ ಸ್ಪಷ್ಟವಾಗಿ ಬರೆಯಿತು. ೧೯೯೫ರಲ್ಲಿ ವರ್ಮಾಂಟಿನ ಮಿಡ್ಲ್‌ಬರಿ ಕಾಲೇಜಿನಲ್ಲಿ ಹೆಲೆನ್ ಕಾಲ್ಡಿಕಾಟ್ ಎಂಬ ವೈದ್ಯೆ ಉಪನ್ಯಾಸಮಾಡಿ, ಜನರೆಲ್ಲರೂ ಬಟ್ಟೆಗಳನ್ನು ಹಗ್ಗಕ್ಕೆ ಹಾಕಿದರೆ ಪರಮಾಣು ವಿದ್ಯುದಾಗಾರಗಳ ಅಗತ್ಯವೇ ಇರಲಾರದೆಂಬ ಅಭಿಪ್ರಾಯವನ್ನು ಹೇಳಿದಳು. ಅದನ್ನು ಕೇಳಿದ ಅಲೆಕ್ಸಾಂಡರ್ ಲೀ ಎಂಬ ವಿದ್ಯಾರ್ಥಿಯು ‘ಪ್ರಾಜೆಕ್ಟ್ ಲಾಂಡ್ರಿ ಲಿಸ್ಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಒಣಹಾಕುವ ಹಕ್ಕಿಗಾಗಿ ಚಳವಳಿಯನ್ನು ನಡೆಯಿಸಿದನು. ೨೦೦೮ರಲ್ಲಿ ಕೊಲರಾಡೋ, ೨೦೦೯ರಲ್ಲಿ ವರ್ಮಾಂಟ್ ಮತ್ತು ಮೇಯ್ನ್, ೨೦೧೦ರಲ್ಲಿ ಮೇರಿಲೆಂಡ್ ಸಂಸ್ಥಾನಗಳು ಹಗ್ಗಕ್ಕೆ ರಕ್ಷಣೆಯನ್ನು ಕೊಟ್ಟುವು. ಕೆನಡಾದ ಒಂಟೇರಿಯೋ ಪ್ರಾಂತವೂ ೨೦೦೮ರಲ್ಲಿ ಇಂತಹ ನಿಷೇಧಗಳನ್ನು ಅಸಿಂಧುವೆಂದು ಸಾರಿತು. ಎಲ್ಲ ಸಂಸ್ಥಾನಗಳೂ ಈ ಮಾರ್ಗವನ್ನು ಹಿಡಿದಿಲ್ಲ.

೮

ಎರಡು ಪಕ್ಷಗಳನ್ನೂ ತೂಗಿನೋಡುವುದು ನ್ಯಾಯ. ಒಂದು ಕಿಲೋಗ್ರಾಂ ನೀರನ್ನು ಆವಿಯನ್ನಾಗಿ ಮಾಡಲು ಸುಮಾರು ಮೂರರಲ್ಲಿ ಎರಡು ಪಾಲು ಯೂನಿಟ್ ಶಾಖವು ಬೇಕು; ಇದು ಪ್ರಕೃತಿಯ ನಿಯಮ. ಒಂದು ಸಲ ಒಗೆದ ಬಟ್ಟೆಗಳಲ್ಲಿ ಹಿಂಡಿದ ಮೇಲೆಯೂ ೩ ಕಿಲೋಗ್ರಾಂ ನೀರು ಉಳಿದಿದ್ದರೆ ೨ ಯೂನಿಟ್ ಬೇಕು. ಸಾಮಾನ್ಯ ಯಂತ್ರದಲ್ಲಿ ಬಿಸಿಗಾಳಿಯು ಹೊರಗೆ ಹೋಗಿಬಿಡುವುದರಿಂದ ೩ ಯೂನಿಟ್‌ಗಳಷ್ಟು ಹಿಡಿಯುತ್ತದೆ. ಅದೇ ಶಾಖವನ್ನೇ ಮತ್ತೆ ಮತ್ತೆ ಬಳಸುವ ಹೊಸ ಯಂತ್ರಗಳಿಗೆ ಇದರಲ್ಲಿ ಅರ್ಧದಷ್ಟು ಸಾಕು. ಹಗ್ಗಕ್ಕೆ ಏನೂ ಬೇಡ. ಯಂತ್ರದಲ್ಲಿ ಹೊರಳುವ ಬಟ್ಟೆಯು ನೂಲು ಸವೆದು ಜೂಲನ್ನು ಬಿಡುತ್ತದೆ. ಆ ಜೂಲಿಗೆ ಕಿಡಿ ತಗುಲಿದರೆ ಅಪಾಯ. ಅಮೆರಿಕಾದಲ್ಲಿ ೨೦೦೮ರಿಂದ ೨೦೧೦ರ ವರೆಗೆ ಈ ಯಂತ್ರಗಳಿಂದ ವರ್ಷಕ್ಕೆ ಸುಮಾರು ೨,೯೦೦ ಮನೆಗಳಲ್ಲಿ ಬೆಂಕಿ ಬಿದ್ದಿತೆಂದು ಅಲ್ಲಿಯ ಸರ್ಕಾರದ ಲೆಕ್ಕ. ಮತ್ತೊಂದು ಪಕ್ಷದಲ್ಲಿ, ಒದ್ದೆಬಟ್ಟೆಯ ಹೊರೆಯನ್ನು ಹೊತ್ತು ಹರವುವ ಶ್ರಮವು ಎಲ್ಲ ದೇಶಗಳಲ್ಲಿಯೂ ಹೆಂಗಸರ ತೋಳುಗಳ ಮೇಲೆಯೇ ಬಿದ್ದಿದೆ. ಹಿಮ ಬೀಳುವ ನಾಡಿನಲ್ಲಿ ಯಂತ್ರವು ಅವರಿಗೆ ಕೊಟ್ಟ ಬಿಡುವು ಸಣ್ಣದಲ್ಲ. ಗಾಳಿಯಾಡದ ಕೊಠಡಿಯಲ್ಲಿ ಬಟ್ಟೆ ಒಣಗಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಉಬ್ಬಸದ ರೋಗಿಗಳಿಗೆ ಅದು ಕೆಡುಕು.

ಮಲೆನಾಡಿನವರಿಗೆ ಈ ಎರಡನೆಯ ಪಕ್ಷವನ್ನು ವಿವರಿಸಬೇಕಾದುದಿಲ್ಲ. ಆಷಾಢ ಶ್ರಾವಣಗಳಲ್ಲಿ ವಾರಗಟ್ಟಲೆ ಬಿಸಿಲು ಕಾಣದಿದ್ದಾಗ, ಬಚ್ಚಲೊಲೆಯ ಮೇಲ್ಗಡೆ ಗಳುವನ್ನು ಕಟ್ಟಿ ಹೊಗೆಯ ವಾಸನೆಯೊಡನೆಯೇ ಬಟ್ಟೆಯನ್ನು ಒಣಗಿಸಿಕೊಳ್ಳುವುದು ಅಲ್ಲಿಯ ವಾಡಿಕೆ. ಬಯಲುಸೀಮೆಯಲ್ಲಿಯೋ ವರ್ಷದ ಬಹುಭಾಗ ಬಿಸಿಲು ಧಾರಾಳ. ಯಂತ್ರವು ಮಾಡುವ ಕೆಲಸವನ್ನು ಬಿಸಿಲು ಕೆಲವೇ ಗಂಟೆಗಳಲ್ಲಿ ಬಿಟ್ಟಿಯಾಗಿ ಮಾಡುತ್ತದೆ. ಸಿಂಗಪುರದಲ್ಲಿ ಸರ್ಕಾರವು ಕಟ್ಟಿಸಿದ ಬಹುಮಹಡಿಯ ಮನೆಗಳ ಅಡಿಗೆಮನೆಯ ಹೊರಗೋಡೆಗೆ ಬಿದಿರಿನ ಗಳುಗಳನ್ನು ಸಿಕ್ಕಿಸುವ ಕೊಳವೆಗಳನ್ನು ಕಟ್ಟುವಾಗಲೇ ಇಟ್ಟರು. ಎತ್ತರದ ಮನೆಗೂ ಹಗ್ಗಕ್ಕೂ ವಿರೋಧವಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಬೆಂಗಳೂರಿನಂತಹ ನಗರಗಳ ಬಹುಮಹಡಿ ವಸತಿಗಳಲ್ಲಿ ಕೆಲವೆಡೆ ಮೊಗಸಾಲೆಯಲ್ಲಿ ಬಟ್ಟೆ ಕಾಣಿಸಕೂಡದೆಂಬ ಕಟ್ಟಳೆಗಳು ಈಗ ಬರುತ್ತಿವೆ. ಬಿಸಿಲಿಲ್ಲದ ದೇಶದವರು ತಮ್ಮ ಅನಾನುಕೂಲಕ್ಕಾಗಿ ಕಲ್ಪಿಸಿಕೊಂಡ ಸಾಧನವನ್ನು ಬಿಸಿಲಿನ ದೇಶದವರು ಮರ್ಯಾದೆಗಾಗಿ ಕೊಳ್ಳುವುದಾದರೆ, ಅದಕ್ಕೆ ಯಂತ್ರವನ್ನು ದೂರಿ ಫಲವಿಲ್ಲ.

ಈ ಚರಿತ್ರೆಯಲ್ಲಿ ಬಟ್ಟೆಯ ಹಗ್ಗವು ಕ್ರಮವಾಗಿ ಒಡೆಯರ ಆಸ್ತಿಯಾಗಿ, ಬಡವರ ಆವಶ್ಯಕತೆಯಾಗಿ, ಪರಕೀಯರ ಅಪರಾಧವಾಗಿ, ಕಡೆಗೆ ನೆರೆಹೊರೆಯವರ ಅಪಮಾನವಾಗಿ ಕಂಡುಬಂದಿದೆ. ಅದರ ವಿಷಯದಲ್ಲಿ ಆದ ಕಟ್ಟಳೆಗಳು ಬಟ್ಟೆಯನ್ನು ಕುರಿತವಾಗಿದ್ದುದಕ್ಕಿಂತ ಹೆಚ್ಚಾಗಿ, ಒಗೆಯುವವರನ್ನು ಜನರು ಯಾವ ಕಣ್ಣಿನಿಂದ ನೋಡುತ್ತಿದ್ದರೆಂಬುದನ್ನು ತೋರಿಸುತ್ತವೆ. ಬೆಂಕಿಯ ಭಯವೆಂದೂ ಮನೆಯ ಬೆಲೆಯೆಂದೂ ಊರಿನ ಅಂದವೆಂದೂ ಕಾರಣಗಳು ಬದಲಾಗುತ್ತ ಬಂದುವು. ತಡೆಯಲ್ಪಟ್ಟವರು ಮಾತ್ರ ಬಹುಮಟ್ಟಿಗೆ ಅಂಗಳವಿಲ್ಲದವರೂ ಅಧಿಕಾರವಿಲ್ಲದವರೂ ಆಗಿದ್ದರು. ಆದುದರಿಂದ ಹೊಸ ಮನೆಗಳನ್ನು ಕಟ್ಟುವವರೂ ಕಟ್ಟಳೆಗಳನ್ನು ಬರೆಯುವವರೂ, ಮಾಳಿಗೆಯ ಮೇಲೋ ಹಿಂಬದಿಯಲ್ಲೋ ಬಿಸಿಲು ಬೀಳುವ ಒಂದು ಮೂಲೆಯನ್ನು ಹಗ್ಗಕ್ಕೆ ಬಿಟ್ಟುಕೊಡುವುದು ಉಚಿತ. ಮಡಿಗೆ ಬೇಕಾದುದು ಅಷ್ಟೇ ಸ್ಥಳ.